ಭೀಮೆಯ ಗಾಳ, ಕಲ್ಯಾಣದ ಪುಸ್ತಕ

ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಕತ್ತಿಗಿಂತ ಲೇಖನಿಯಿಂದ ಹೆಚ್ಚು ಉಳಿದವನು. ತಂದೆ ಆರನೆಯ ವಿಕ್ರಮಾದಿತ್ಯ ಅರ್ಧ ಶತಮಾನ ಆಳಿ ಕಟ್ಟಿಕೊಟ್ಟ ರಾಜ್ಯ ಅವನ ಕೈಗೆ ಬಂದಾಗ ಗಡಿಗಳು ಆಗಲೇ ಅಲುಗಾಡುತ್ತಿದ್ದವು. ಭೂಲೋಕಮಲ್ಲ ಎಂಬ ಬಿರುದು ಹೊತ್ತ ಈ ಅರಸು ಬರೆಯಲು ಕೂತ. ಕ್ರಿ.ಶ. 1129ರ ಸುಮಾರಿಗೆ ಸಿದ್ಧವಾದ ಆ ಸಂಸ್ಕೃತ ಗ್ರಂಥವೇ 'ಮಾನಸೋಲ್ಲಾಸ'. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು 100. ರಾಜನೀತಿ, ಆನೆ, ಔಷಧ, ಚಿತ್ರಕಲೆ, ಸಂಗೀತ, ಅಡುಗೆ, ಕುಸ್ತಿ, ಹೀಗೆ ಅರಮನೆಗೆ ಬೇಕಾದದ್ದೆಲ್ಲ ಅದರಲ್ಲಿದೆ. ವಿನೋದಗಳ ಭಾಗದಲ್ಲಿ ಒಂದು ಅಧ್ಯಾಯದ ಹೆಸರು 'ಮತ್ಸ್ಯವಿನೋದ'. ಗಾಳ ಹಾಕಿ ಮೀನು ಹಿಡಿಯುವ ಬಗೆ ಅದರ ವಿಷಯ.

ಹೊಟ್ಟೆಪಾಡಿಗೆ ಮೀನು ಹಿಡಿಯುವುದು ಮನುಷ್ಯನಷ್ಟೇ ಹಳೆಯದು. ಅದನ್ನು ಕೌಶಲದ ಆಟವೆಂದು ತಿಳಿದು, ಕಲಿಯಬೇಕಾದ ವಿದ್ಯೆಯೆಂದು ಕ್ರಮವಾಗಿ ಬರೆದಿಡುವುದು ಬೇರೆಯೇ ಸಂಗತಿ. ಇಂಗ್ಲಿಷರಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪುಸ್ತಕ ಡೇಮ್ ಜೂಲಿಯಾನಾ ಬರ್ನರ್ಸ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ 1496ರ ಕೃತಿ. ಲೋಕವೆಲ್ಲ ಬಲ್ಲ ಐಸಾಕ್ ವಾಲ್ಟನ್‌ನ 'ದಿ ಕಂಪ್ಲೀಟ್ ಆ್ಯಂಗ್ಲರ್' ಬಂದದ್ದು 1653ರಲ್ಲಿ. ಕಲ್ಯಾಣದ ಅರಸು ಇವರಲ್ಲಿ ಮೊದಲಿನವರಿಗಿಂತ ಮುನ್ನೂರೈವತ್ತು ವರ್ಷಕ್ಕೂ ಹಿಂದಿನವನು. ಆದರೂ ನಮ್ಮ ದೇಶದಲ್ಲಿ ಗಾಳದ ಆಟದ ಚರಿತ್ರೆ ಹೇಳುವಾಗ ಬಹುಪಾಲು ಬರಹಗಳು ಬ್ರಿಟಿಷ್ ಅಧಿಕಾರಿಗಳ ಶಿಬಿರದಿಂದಲೇ ಕಥೆ ಶುರುಮಾಡುತ್ತವೆ. ಅದನ್ನು ಕಲ್ಯಾಣ ಕರ್ನಾಟಕದಿಂದ ಶುರುಮಾಡಬೇಕು. ಆ ಹಕ್ಕು ಈ ನೆಲಕ್ಕಿದೆ.

ಸೋಮೇಶ್ವರ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಅವನ ವಿಂಗಡಣೆಯ ರೀತಿಯನ್ನು ನೋಡಬೇಕು. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು. ಮೈಮೇಲೆ ಹುರುಪೆ ಇರುವವು ಯಾವುವು, ಇಲ್ಲದವು ಯಾವುವು. ದೊಡ್ಡವು, ನಡುತರದವು, ಸಣ್ಣವು. ಪಾಠೀನ, ರೋಹಿತದಂಥ ಹೆಸರುಗಳು ಸಂಸ್ಕೃತ ಬಲ್ಲವರಿಗೆ ಗೊತ್ತಿರುವವೇ. ಇನ್ನು ಕೆಲವು ಯಾವ ಕೋಶದಲ್ಲೂ ಸುಲಭಕ್ಕೆ ಸಿಗದ, ಹೊಳೆದಂಡೆಯ ಮಾತಿನಿಂದ ನೇರವಾಗಿ ಎತ್ತಿಕೊಂಡಂತೆ ಕೇಳುವ ಹೆಸರುಗಳು. ಬಳಿಕ ಯಾವ ಮೀನಿಗೆ ಎಂಥ ಆಹಾರ ಹಾಕಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬ ವಿವರ ಬರುತ್ತದೆ. ಅದೇ ಗ್ರಂಥದ ಅಡುಗೆಯ ಭಾಗದಲ್ಲಿ ಮೀನನ್ನು ತೊಳೆದು, ತುಂಡರಿಸಿ, ಹುಣಿಸೆಹುಳಿಯಲ್ಲಿ ಬೇಯಿಸುವ ವಿಧಾನವೂ ಇದೆ. ಹಿಡಿಯುವುದರಿಂದ ತಾಟಿನವರೆಗೆ ಒಂದೇ ಪುಸ್ತಕ.

ಈ ಗ್ರಂಥ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 20ನೇ ಶತಮಾನದಲ್ಲಿ. ಬರೋಡಾದ ಗಾಯಕವಾಡ ಗ್ರಂಥಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರ್ ಸಂಪಾದಿಸಿದ ಮೊದಲ ಸಂಪುಟ 1925ರಲ್ಲಿ ಹೊರಬಂತು. ಮರುವರ್ಷವೇ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಒಂದು ಭಾಗವನ್ನು ಹೊರತಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರು ಇವರೇ. ಮತ್ಸ್ಯವಿನೋದವನ್ನು ಮೀನು ಬಲ್ಲವರ ಕಣ್ಣಿನಿಂದ ಮೊದಲು ಓದಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ. 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಆ ಅಧ್ಯಾಯದ ಮೇಲೆಯೇ ಲೇಖನ ಬರೆದು, ಸೋಮೇಶ್ವರನ ಹೆಸರುಗಳನ್ನು ಇಂದಿನ ಜಾತಿಗಳ ಜೊತೆ ಹೊಂದಿಸಲು ನೋಡಿದರು.

ಅರಸನಿಗೆ ಇದನ್ನೆಲ್ಲ ಹೇಳಿಕೊಟ್ಟವರು ಯಾರು? ಗ್ರಂಥದಲ್ಲಿ ಗುರುವಿನ ಹೆಸರಿಲ್ಲ. ಆದರೆ ಯಾವ ಮೀನು ಯಾವ ನೀರಿನಲ್ಲಿ ನಿಲ್ಲುತ್ತದೆ, ಯಾವುದಕ್ಕೆ ಯಾವ ತಿನಿಸಿನ ಆಸೆ ಎಂಬ ತಿಳಿವಳಿಕೆ ಅರಮನೆಯಲ್ಲಿ ಹುಟ್ಟುವುದಿಲ್ಲ. ಅದು ಅಂಬಿಗರು, ಕಬ್ಬಲಿಗರು, ಬೆಸ್ತರು ತಲೆಮಾರುಗಳಿಂದ ಕೂಡಿಟ್ಟ ಗಂಟು. ಅಂಬಿಗರ ಚೌಡಯ್ಯನಂಥ ದೋಣಿಯವನು ವಚನಕಾರನಾಗಿ ಎದ್ದುನಿಂತದ್ದೂ ಅದೇ ಶತಮಾನದಲ್ಲಿ. ಅರಸು ಬರೆದುಕೊಂಡ, ಹೊಳೆಯವರು ಹೇಳಿದ್ದರು. ಸಂಸ್ಕೃತ ಶ್ಲೋಕಗಳ ನಡುವೆ ಸಿಕ್ಕಿಕೊಂಡಿರುವ ಆ ಒರಟು ಹೆಸರುಗಳೇ ಅದಕ್ಕೆ ಸಾಕ್ಷಿ.

ಅಂಥ ಹೊಳೆಯವರ ನಾಡು ಯಾದಗಿರಿ ಜಿಲ್ಲೆ. ಯಾದಗಿರಿ ಸೀಮೆಯ ಹೊಳೆ ಭೀಮೆ. ನೈಋತ್ಯಕ್ಕೆ ಶಹಾಪುರ, ಸುರಪುರದ ಕಡೆಗೆ ಹೋದರೆ ಕೃಷ್ಣೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ 860 ಕಿಲೋಮೀಟರಿನಷ್ಟು ಹರಿದು ಬಂದ ಭೀಮೆ ರಾಯಚೂರಿನ ಕಾಡ್ಲೂರು ಬಳಿ ಕೃಷ್ಣೆಯನ್ನು ಕೂಡುತ್ತದೆ. ಎರಡು ಹೊಳೆಗಳ ನಡುವಿನ ಈ ಜಿಲ್ಲೆಯಲ್ಲಿ ಕೋಲಿ, ಕಬ್ಬಲಿಗ ಸಮುದಾಯದ ಜನ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಲವರು ಈಗ ಹೊಲ ನಂಬಿದವರು. ಆದರೂ ಬಲೆ, ತೆಪ್ಪ, ಗಾಳದ ಮಾತು ಮನೆಯಿಂದ ಪೂರ್ತಿ ಹೋಗಿಲ್ಲ.

ಬಯಲುಸೀಮೆಯ ಹೊಳೆಯಲ್ಲಿ ಗಾಳ ಹಾಕುವವನಿಗೆ ನೀರಿನ ಲೆಕ್ಕ ಗೊತ್ತಿರಬೇಕು. ಮಳೆಗಾಲದಲ್ಲಿ ಭೀಮೆ ಕೆಂಪು ನೀರು ಹೊತ್ತು ದಂಡೆ ಮೀರುತ್ತದೆ. ಆಗ ಮೀನು ಏರುನೀರಿಗೆ ಎದುರಾಗಿ ಮೊಟ್ಟೆಯಿಡಲು ಹೊರಡುತ್ತದೆ. ಬೇಸಿಗೆ ಬಂತೆಂದರೆ ಹೊಳೆ ಒಡೆದು ಮಡುಗಳ ಸಾಲಾಗುತ್ತದೆ, ಉಳಿದ ಮೀನೆಲ್ಲ ಆ ಮಡುಗಳಲ್ಲಿ. ಬಿದಿರ ಕೋಲು, ದಾರ, ಜೋಳದ ದಂಟಿನ ಬೆಂಡು, ಕೊಕ್ಕೆಗೆ ಎರೆಹುಳ ಇಲ್ಲವೇ ಹಿಟ್ಟಿನ ಉಂಡೆ: ಇಷ್ಟರಲ್ಲಿ ಹುಡುಗರ ಬೇಟೆ ಮುಗಿಯುತ್ತದೆ. ತೆಲುಗು ಸೀಮೆಗೆ ಹೊಂದಿಕೊಂಡ ಈ ಭಾಗದಲ್ಲಿ ಕೊರಮೀನು ಎಂದು ಕರೆಯುವ ಮೀನಿಗೆ ಜೀವಂತ ಕಪ್ಪೆಯೋ ಸಣ್ಣ ಮೀನೋ ಬೇಕು. ಅದು ಗಾಳಿ ಕುಡಿಯಲು ಮೇಲೆ ಬರುತ್ತದೆ. ಮೇಲೆ ಬಂದ ಜಾಗ ನೋಡಿಟ್ಟುಕೊಂಡವನಿಗೆ ಮಾತ್ರ ಅದು ಸಿಕ್ಕುತ್ತದೆ. ಬಾಳೆಮೀನಿನ ಬಾಯಿ ಅಗಲ, ಹಲ್ಲು ಚೂಪು. ಅದು ಇರುಳಿನ ಬೇಟೆಗಾರ. ದಾರ ಎಷ್ಟು ತೆಳುವೋ ಮೀನಿಗೆ ಅನುಮಾನ ಅಷ್ಟು ಕಡಿಮೆ, ಹಿಡಿದವನಿಗೆ ಕಷ್ಟ ಅಷ್ಟು ಹೆಚ್ಚು. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ತೆಳುದಾರ, ಹಗುರ ಕೋಲು ಹಿಡಿದು ಟ್ಯೂನಾ ಬಳಗದ 'ಫಾಲ್ಸ್ ಆಲ್ಬಕೋರ್' ಮೀನಿನ ಹಿಂದೆ ಬೀಳುವ ಹವ್ಯಾಸಿಗಳಿಗೂ ಭೀಮೆಯ ಮಡುವಿನ ಹುಡುಗನಿಗೂ ಎದುರಾಗುವ ಸಮಸ್ಯೆ ಒಂದೇ: ಮೀನು ಓಡುವಾಗ ಬಿಡಬೇಕು, ದಣಿದಾಗ ಎಳೆಯಬೇಕು, ಅವಸರ ಮಾಡಿದರೆ ದಾರ ಕಡಿಯುತ್ತದೆ.

ಮೀನು ಹಿಡಿಯುವುದಕ್ಕೆ ಮಿತಿ ಹಾಕುವ ವಿಚಾರವೂ ಈ ನಾಡಿಗೆ ಹೊರಗಿನದೇನಲ್ಲ. ಯಾದಗಿರಿಗೆ ಹತ್ತಿರ, ಭೀಮೆಯ ದಂಡೆಯ ಸನ್ನತಿಯಲ್ಲಿ 1986ರಲ್ಲಿ ದೇವಸ್ಥಾನದ ಜೀರ್ಣೋದ್ಧಾರದ ಹೊತ್ತಿಗೆ ಅಶೋಕನ ಶಾಸನದ ಕಲ್ಲು ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಅವನದೇ ಶಿಲ್ಪವೂ ಹೊರಬಂತು. ಸನ್ನತಿಯ ಕಲ್ಲಿನಲ್ಲಿ ಮೀನಿನ ಮಾತಿಲ್ಲ. ಆದರೆ ಅದೇ ಅರಸನ ಐದನೆಯ ಸ್ತಂಭಶಾಸನ ಕೆಲವು ಜಾತಿಯ ಮೀನುಗಳನ್ನು ಕೊಲ್ಲಬಾರದೆಂದೂ, ವರ್ಷದ ಗೊತ್ತಾದ ದಿನಗಳಲ್ಲಿ ಯಾವ ಮೀನನ್ನೂ ಕೊಲ್ಲಬಾರದು, ಮಾರಬಾರದೆಂದೂ ವಿಧಿಸುತ್ತದೆ. ಮಲೆನಾಡಿನ ಹೊಳೆಗಳಲ್ಲಿ ಈ ಕೆಲಸವನ್ನು ದೇವರೇ ವಹಿಸಿಕೊಂಡ. ಶೃಂಗೇರಿಯಲ್ಲಿ ತುಂಗೆಯ ಮೀನು, ಕಾವೇರಿ ದಂಡೆಯ ರಾಮನಾಥಪುರದ ಮೀನು, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯ ಮೀನು, ಇವೆಲ್ಲ ದೇವರ ಮೀನು. ಅಕ್ಕಿ, ಪುರಿ ಹಾಕಿ ಕೈಮುಗಿಯಬೇಕೇ ಹೊರತು ಗಾಳ ಹಾಕುವಂತಿಲ್ಲ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗಾಗಿ ಸ್ಮಾರಕ ಕಟ್ಟಿದರು. ಬೈಲಿನ ಭೀಮೆಗೆ ಅಂಥ ಕಾವಲು ಒದಗಲಿಲ್ಲ.

ಭೀಮೆಯ ಮೀನು ಪಾಶ್ಚಾತ್ಯ ವಿಜ್ಞಾನದ ಪುಸ್ತಕ ಸೇರಿದ್ದು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಬೊಂಬಾಯಿ ಸರಕಾರಕ್ಕೆ ದಖನ್ನಿನ ಅಂಕಿಅಂಶ ಸಂಗ್ರಹಿಸುವುದು ಅವನ ಕೆಲಸ. ಹಳ್ಳಿಯಿಂದ ಹಳ್ಳಿಗೆ ತಿರುಗುತ್ತ ಧಾನ್ಯ, ತೆರಿಗೆ, ಹಕ್ಕಿ, ಮೀನು ಎಲ್ಲವನ್ನೂ ಬರೆದುಕೊಂಡ. ಭೀಮೆ ಮತ್ತು ಅದರ ಉಪನದಿಗಳಲ್ಲಿ ಸಿಕ್ಕ ಮೀನುಗಳ ವಿವರ 1839ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮೂಲಕ ಪ್ರಕಟವಾಯಿತು. ಪುಣೆಯ ಬಳಿಯ ಮುಳಾ-ಮುಠಾ ಹೊಳೆಯಲ್ಲಿ ಸಿಕ್ಕ ದೊಡ್ಡ ಹುರುಪೆಯ ಮೀನೊಂದಕ್ಕೆ ಅಲ್ಲಿಯವರು ಕರೆಯುವ ಹೆಸರನ್ನೇ ಇಟ್ಟು 'ಖುದ್ರೀ' ಎಂದ. ಇಂದಿನ ಶಾಸ್ತ್ರೀಯ ಹೆಸರು ಟಾರ್ ಖುದ್ರೀ, ದಖನ್ನಿನ ಮಹಶೀರ್. ಮುಳಾ-ಮುಠಾ ನೀರು ಭೀಮೆಗೆ ಸೇರಿ ಕೊನೆಗೆ ಯಾದಗಿರಿಯನ್ನು ಹಾದುಹೋಗುತ್ತದೆ. ಈ ಮೀನಿನ ಕಥೆ ಮುಂದೆ ಅನಿರೀಕ್ಷಿತವಾದ ತಿರುವು ಪಡೆಯಲಿತ್ತು.

ಸೈಕ್ಸ್ ಬರಹ ಬಂದ ಎರಡು ವರ್ಷಕ್ಕೆ, 1841ರಲ್ಲಿ, ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. 1853ರವರೆಗೆ ಅಲ್ಲಿದ್ದು ಆ ಸಂಸ್ಥಾನದ ಆಡಳಿತ ನೋಡಿಕೊಂಡ. ಸೀಮೆಯ ಶಿಲಾಸಮಾಧಿಗಳನ್ನು ಅಳೆದು ಬರೆದ, ಕೃಷ್ಣೆ ದಖನ್ನಿನ ಎತ್ತರದಿಂದ ಬಂಡೆಗಳ ನಡುವೆ ಭೋರ್ಗರೆದು ಇಳಿಯುವ ದೃಶ್ಯವನ್ನು ಬಣ್ಣಿಸಿದ. ಆ ಬಂಡೆ, ಆ ರಭಸ, ಆಳದ ಮಡು ಇರುವ ಕಡೆಯೇ ದೊಡ್ಡ ಮೀನಿನ ಮನೆ.

ಗಾಳದ ಚರಿತ್ರೆಯಲ್ಲಿ ಕನ್ನಡ ನಾಡಿನ ಎರಡನೆಯ ದೊಡ್ಡ ಪುಸ್ತಕ ಮಂಗಳೂರಿನದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಜಿಲ್ಲೆಯ ಹೊಳೆಗಳ ಮೀನಿನ ಸ್ಥಿತಿಯ ಮೇಲೆ ಸರಕಾರಕ್ಕೆ ವರದಿ ಒಪ್ಪಿಸಿದ. 1873ರಲ್ಲಿ ಅವನ 'ದಿ ರಾಡ್ ಇನ್ ಇಂಡಿಯಾ' ಹೊರಬಂತು. ಲಂಡನ್ನಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅದು ಅಚ್ಚಾಯಿತು. ಎರಡು ದಶಕದ ನಂತರ ಕಿಟ್ಟೆಲ್ ನಿಘಂಟು ಹೊರಬಂದದ್ದು ಇದೇ ಮಿಶನ್ನಿನಿಂದ. ಭಾರತದಲ್ಲಿ ಗಾಳ ಹಿಡಿದ ಇಂಗ್ಲಿಷರಿಗೆಲ್ಲ ಥಾಮಸನ ಪುಸ್ತಕ ಕೈಪಿಡಿಯಾಯಿತು. ಮಹಶೀರ್ ತಮ್ಮ ನಾಡಿನ ಸಾಲ್ಮನ್ ಮೀನಿಗೆ ಸರಿಸಾಟಿ, ಬಲದಲ್ಲಿ ಒಂದು ಕೈ ಮೇಲು ಎಂದು ಅವರಿಗೆ ಗೊತ್ತಾದದ್ದು ಅದರಿಂದ. ಆದರೆ ಥಾಮಸನ ನಿಜವಾದ ಹಿರಿಮೆ ಬೇರೆ ಕಡೆ ಇದೆ. ಮರಿಮೀನುಗಳನ್ನು ಸಣ್ಣ ಕಣ್ಣಿನ ಬಲೆಯಿಂದ ಬಾಚುವುದು, ಹೊಳೆಗೆ ವಿಷ ಹಾಕುವುದು ನಡೆದರೆ ಹೊಳೆ ಬರಿದಾಗುತ್ತದೆಂದು ಅವನು ಒತ್ತಿ ಹೇಳಿದ. ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ಕೊಟ್ಟ ದೇಶವ್ಯಾಪಿ ವರದಿಯೂ ಇದನ್ನೇ ಹೇಳಿತು. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದನ್ನು ಅಪರಾಧವಾಗಿಸಿದ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನಿನ ರಕ್ಷಣೆಗೆ ತನ್ನದೇ ಕಾನೂನು ಮಾಡಿತು. ಬ್ರಿಟಿಷ್ ಇಂಡಿಯಾದ ಕಾಯಿದೆ ಭೀಮೆಯ ಯಾದಗಿರಿಗೆ ಅನ್ವಯಿಸಲಿಲ್ಲ. ಅದು ಆಗ ನಿಜಾಮನ ರಾಜ್ಯ.

ಮೈಸೂರಿನ ಕಡೆಗೆ ಆಟ ರಂಗೇರಿದ್ದು ಆ ಬಳಿಕ. 1919ರ ಡಿಸೆಂಬರಿನಲ್ಲಿ ಕರ್ನಲ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದ. 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಡಿ ವೆಟ್ ವಾನ್ ಇಂಗನ್ ಹಿಡಿದದ್ದು 120 ಪೌಂಡಿನದು, ಅಂದರೆ 54 ಕಿಲೋ ದಾಟಿದ ಮೀನು. ಸತ್ತ ಹುಲಿ, ಚಿರತೆಗಳಿಗೆ ಜೀವಂತ ರೂಪ ಕೊಡುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ಮೈಸೂರಿನ ವಾನ್ ಇಂಗನ್ ಮನೆತನದವನು ಈತ. ಇಂಗ್ಲೆಂಡಿನ ಗಾಳದ ಕಂಪನಿಗಳು ಮಹಶೀರಿಗೆಂದೇ ಕೋಲು, ರಾಟೆ ತಯಾರಿಸುತ್ತಿದ್ದ ಕಾಲ ಅದು. ಬೆನ್ನಿನ ಮೇಲೆ ಗೂನಿದ್ದ ಕಾವೇರಿಯ ಆ ಮೀನಿಗೆ ಲೋಕದಲ್ಲಿ ಸಾಟಿಯಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಆಟ ಮರೆಯಾಯಿತು, ದಾಖಲೆಗಳು ಹಳೆಯ ಪುಸ್ತಕದೊಳಗೆ ಉಳಿದವು. 1977-78ರಲ್ಲಿ ಇಂಗ್ಲೆಂಡಿನಿಂದ ಮೂವರು ಯುವಕರು ಮಹಶೀರ್ ಇನ್ನೂ ಉಳಿದಿದೆಯೇ ಎಂದು ಹುಡುಕಿಕೊಂಡು ಕಾವೇರಿಗೆ ಬಂದರು. ಮೀನು ಇತ್ತು. ಹಿಡಿಯುವ ಗುಟ್ಟು ಮಾತ್ರ ದಂಡೆಯ ಜನರ ಬಳಿ. ಕಾವೇರಿಯವರು ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಮುದ್ದೆ ಕಟ್ಟಿ, ಕೊಕ್ಕೆಗೆ ಸಿಕ್ಕಿಸಿ ಬಂಡೆಗಳ ನಡುವಿನ ಸೆಳವಿಗೆ ಎಸೆಯುತ್ತಿದ್ದರು. ಮೀನು ದಾರವನ್ನು ಬಂಡೆಗೆ ಸುತ್ತಿದರೆ ಹರಿಗೋಲಿನಲ್ಲಿ ಹೋಗಿ ಬಿಡಿಸಿಕೊಂಡು ಬರುವವರೂ ಅವರೇ. ಮುಂದೆ ಭೀಮೇಶ್ವರಿ, ಗಾಲಿಬೋರೆಯಲ್ಲಿ ಶಿಬಿರಗಳಾದವು. ಹಿಡಿದು, ತೂಗಿ, ಫೋಟೊ ತೆಗೆದು ನೀರಿಗೆ ಬಿಡುವ ಪದ್ಧತಿ ಗಟ್ಟಿಯಾಯಿತು. ಮುಂಚೆ ಕಳ್ಳತನದಿಂದ ಸಿಡಿಮದ್ದು ಹಾಕುತ್ತಿದ್ದ ಕೆಲವರೂ ಕಾವಲಿನ ಕೆಲಸಕ್ಕೆ ಬಂದರು. ದೇಶವಿದೇಶದ ಹೆಸರಾಂತ ಗಾಳಗಾರರು ಬಂದು ಈ ಹರಿಗೋಲಿನವರ ಮಾತಿನಂತೆ ನಡೆದರು. ಎಂಟುನೂರು ವರ್ಷ ಹಿಂದೆ ಕಲ್ಯಾಣದ ಅರಸು ಕೇಳಿ ಬರೆದುಕೊಂಡಿದ್ದನ್ನೇ ಇವರೂ ಕೇಳಿ ಕಲಿತರು.

ಈಗ ಭೀಮೆಯ ಮೀನಿನ ಕಥೆಗೆ ಬರಬೇಕು. 1970ರ ಸುಮಾರಿಗೆ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ತಮ್ಮ ಕೆರೆಗಳ ಮಹಶೀರ್ ಕಡಿಮೆಯಾಗುತ್ತಿರುವುದನ್ನು ಕಂಡು ಮರಿಕೇಂದ್ರ ತೆರೆದರು. ಸಿ.ವಿ. ಕುಲಕರ್ಣಿ ಮತ್ತು ಎಸ್.ಎನ್. ಓಗಲೆ ಅವರ ದುಡಿಮೆಯಿಂದ ಟಾರ್ ಖುದ್ರೀ ಮೊಟ್ಟೆಯನ್ನು ಕೃತಕವಾಗಿ ಮರಿ ಮಾಡಿಸುವುದು ಸಾಧ್ಯವಾಯಿತು. ದೊಡ್ಡ ಸಾಧನೆ ಅದು. ಮರಿಗಳು ಬೇಕೆಂದು ಎಲ್ಲ ಕಡೆಯಿಂದ ಬೇಡಿಕೆ ಬಂತು. ಕಾವೇರಿಗೂ ಬಂದವು. ಸೈಕ್ಸ್ ಭೀಮೆಯ ನೀರಿನಲ್ಲಿ ಕಂಡು ಹೆಸರಿಟ್ಟ ಜಾತಿ ಹೀಗೆ ದೂರದ ಕಾವೇರಿಯ ಮಡುಗಳಲ್ಲಿ ಬೆಳೆಯತೊಡಗಿತು. ಬಿಟ್ಟವರ ಉದ್ದೇಶ ಒಳ್ಳೆಯದು. ಹೊಳೆಯಲ್ಲಿ ಮಹಶೀರ್ ಹೆಚ್ಚಲಿ ಎಂಬ ಕಳಕಳಿ. ಕಾವೇರಿಯ ಗೂನುಬೆನ್ನಿನ ಮೀನು ಬೇರೆ ಜಾತಿ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. 120 ಪೌಂಡಿನ ದಾಖಲೆ ಮೆರೆದ ಮೀನಿಗೆ ಶಾಸ್ತ್ರೀಯ ಹೆಸರೇ ಇಲ್ಲದಿದ್ದದ್ದು ಈ ಇಡೀ ಚರಿತ್ರೆಯಲ್ಲಿ ಅತ್ಯಂತ ನೋವಿನ ಸಂಗತಿ.

ಸತ್ಯ ಹೊರಬಂದದ್ದು ಗಾಳ ಹಾಕಿದವರ ದಿನಚರಿಯಿಂದಲೇ. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಪ್ರತಿ ಮೀನಿನ ತೂಕ, ಬಗೆ, ಗಾಳ ಹಾಕಿದ ಹೊತ್ತು ಬರೆದಿಡಲಾಗಿತ್ತು: 23 ಸಾವಿರ ಗಂಟೆಗೂ ಹೆಚ್ಚಿನ ಶ್ರಮ, 6 ಸಾವಿರಕ್ಕೂ ಹೆಚ್ಚು ಮಹಶೀರ್. ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಅದನ್ನು ಜಾಲಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಗುವ ಮೀನಿನ ಸಂಖ್ಯೆ ಏರುತ್ತಿತ್ತು. ಆದರೆ ಏರುತ್ತಿದ್ದದ್ದು ಹೊರಗಿನಿಂದ ಬಂದ ನೀಲಿ ರೆಕ್ಕೆಯ ಟಾರ್ ಖುದ್ರೀ. ಗೂನುಬೆನ್ನಿನದು ಅಳಿವಿನ ಅಂಚಿಗೆ ಸರಿದಿತ್ತು. 2018ರಲ್ಲಿ ಅದೇ ತಂಡ ಕಾವೇರಿಯ ಮೀನೂ ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ಹೆಸರು ಪಡೆದಿದ್ದ ಟಾರ್ ರೇಮಾದೇವಿಯೂ ಒಂದೇ ಎಂದು ತೋರಿಸಿಕೊಟ್ಟಿತು. ಅದೇ ವರ್ಷ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದನ್ನು ತೀವ್ರ ಅಪಾಯದಲ್ಲಿರುವ ಜಾತಿ ಎಂದು ದಾಖಲಿಸಲಾಯಿತು.

ಅಷ್ಟರೊಳಗೆ ಶಿಬಿರದ ಗಾಳಗಳು ನಿಂತಿದ್ದವು. 1972ರ ವನ್ಯಜೀವಿ ಕಾಯಿದೆಯಂತೆ ಅಭಯಾರಣ್ಯದೊಳಗೆ ಹಿಡಿದು ಬಿಡುವುದೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಕಾವೇರಿ ವನ್ಯಧಾಮದಲ್ಲಿ ಆಟ ಮುಗಿಯಿತು. ಕಾನೂನಿನ ಅಕ್ಷರ ನೋಡಿದರೆ ತಪ್ಪಿಲ್ಲ. ಆದರೆ ಹೊಳೆಯ ಮೇಲೆ ಹಗಲೆಲ್ಲ ಕಣ್ಣಿಟ್ಟಿದ್ದ ಹರಿಗೋಲುಗಳು ಅದರೊಡನೆ ದಂಡೆಗೆ ಬಿದ್ದವು, ಮೀನಿನ ಲೆಕ್ಕ ಇಡುವ ಪುಸ್ತಕವೂ ಮುಚ್ಚಿತು. ಆ ನಷ್ಟವನ್ನು ಸಣ್ಣದೆನ್ನಲಾಗದು.

ಭೀಮೆಯಲ್ಲಿ ಅಂಥ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ 1980ರಲ್ಲಿ ಉಜನಿ ಅಣೆಕಟ್ಟು ಮುಗಿಯಿತು. ಕೃಷ್ಣೆಗೆ ನಾರಾಯಣಪುರದಲ್ಲಿ ಬಸವಸಾಗರ ಬಂತು. ಭೀಮೆಯಲ್ಲಿ ಸೊನ್ನ, ಸನ್ನತಿ, ಗುರುಸಣಗಿ, ಒಂದಾದ ಮೇಲೊಂದು ಬ್ಯಾರೇಜು. ಹೊಲಗಳಿಗೆ ನೀರು ಸಿಕ್ಕಿತು. ಏರುನೀರಿಗೆ ಹೊರಟು ಮೊಟ್ಟೆಯಿಡುವ ಮೀನಿಗೆ ಮಾತ್ರ ದಾರಿ ಕಟ್ಟಿತು. ಜಲಾಶಯಗಳಲ್ಲಿ ಈಗ ಬಿತ್ತಿ ಬೆಳೆದ ಕಾಟ್ಲಾ, ರೋಹು, ಮೃಗಾಲ. ಮೀನಿನ ಹಕ್ಕು ಗುತ್ತಿಗೆಗೆ, ಸಹಕಾರ ಸಂಘಗಳ ಕೈಗೆ. ಮಾರುಕಟ್ಟೆಗೆ ಹೋಗುವ ಮೀನು ಇವೇ ಆದ್ದರಿಂದ ಹೊಳೆಯ ಹಳೆಯ ಸಣ್ಣ ಮೀನುಗಳ ಹೆಸರು ಹೊಸ ತಲೆಮಾರಿನ ಬಾಯಲ್ಲಿ ಕಡಿಮೆಯಾಗುತ್ತಿದೆ.

ಸೋಮೇಶ್ವರನ ಪಟ್ಟಿಗೂ ಈ ಮರೆವಿಗೂ ನೇರ ನಂಟಿದೆ. ಹೋರಾ ಕಲ್ಕತ್ತೆಯಲ್ಲಿ ಕೂತು ಹೊಂದಿಸಲು ಹೊರಟ ಹೆಸರುಗಳನ್ನು ಬಿಡಿಸಬಲ್ಲವರು ಭೀಮಾ, ಕೃಷ್ಣೆಯ ದಂಡೆಯಲ್ಲಿ ಬಲೆ ಹೆಣೆಯುವ ಹಿರಿಯರು. ಯಾವ ಮೀನಿನ ಮುಳ್ಳು ಕೈಗೆ ಚುಚ್ಚುತ್ತದೆ, ಯಾವುದು ಹಿಟ್ಟಿಗೆ ಬರುತ್ತದೆ, ಯಾವುದು ಕಪ್ಪೆಗೆ ಬರುತ್ತದೆ ಎಂದು ಅವರು ಹೇಳಿದ್ದನ್ನು ಮತ್ಸ್ಯವಿನೋದದ ಪಕ್ಕಕ್ಕಿಟ್ಟು ಓದಿದರೆ ಹಲವು ಗಂಟುಗಳು ಸಡಿಲಾಗುವ ಸಾಧ್ಯತೆ ಇದೆ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ಬೀದರಿನಲ್ಲಿ, ಸೋಮೇಶ್ವರನ ಕಲ್ಯಾಣ ಇರುವ ಜಿಲ್ಲೆಯಲ್ಲೇ. ಶಹಾಪುರ, ಸುರಪುರ, ಯಾದಗಿರಿಯ ಹೊಳೆದಂಡೆಗಳು ಅಲ್ಲಿಂದ ಬಸ್ಸಿನಲ್ಲಿ ಒಂದೇ ಹಗಲಿನ ದಾರಿ. ಆ ಹಿರಿಯರ ಮಾತನ್ನು ಬರೆದುಕೊಳ್ಳಲು ಈಗಲೂ ಸಮಯವಿದೆ. ಇನ್ನೊಂದು ತಲೆಮಾರು ಕಳೆದರೆ ಇರುವುದಿಲ್ಲ.